ಡಬಲ್ಸ್ ಆಡಿದವರ ಹೆಸರು ಉಳಿಯುತ್ತದಾ?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಹಾಸನದಲ್ಲಿ ಟೆನಿಸ್ ಶುರು ಮಾಡಿದವಳು, ಈಗ ಬೆಂಗಳೂರಿನ ಒಂದು ಅಕಾಡೆಮಿಯಲ್ಲಿದ್ದಾಳೆ. ಸಿಂಗಲ್ಸ್‌ನಲ್ಲಿ ಎರಡನೇ ಸುತ್ತು, ಜಾಸ್ತಿ ಅಂದರೆ ಮೂರನೇ ಸುತ್ತಿಗೆ ಸೋಲುತ್ತಾಳೆ. ಡಬಲ್ಸ್‌ನಲ್ಲಿ ಮಾತ್ರ ಸೆಮಿಫೈನಲ್, ಫೈನಲ್ ತನಕ ಹೋಗುತ್ತಾಳೆ. ತಂಡದ ಪಂದ್ಯ ಅಂದರೆ ಅವಳ ಆಟವೇ ಬೇರೆ. ರೋಹನ್ ಬೋಪಣ್ಣ ಅಂದರೆ ಅವಳಿಗೆ ಪ್ರಾಣ. ‘ನಾನು ಇನ್ನು ಡಬಲ್ಸ್ ಮಾತ್ರ ಆಡ್ತೀನಿ ಅಪ್ಪ’ ಅಂತ ಹಟ ಹಿಡಿದಿದ್ದಾಳೆ. ಕೋಚ್ ಮಾತ್ರ, ‘ಸಿಂಗಲ್ಸ್ ಆಡೋಕಾಗದವರು ಡಬಲ್ಸ್ ಆಡ್ತಾರೆ. ದುಡ್ಡೂ ಇಲ್ಲ, ಹೆಸರೂ ಉಳಿಯಲ್ಲ’ ಅಂದರು. ಡಬಲ್ಸ್ ಗೆದ್ದವರನ್ನು, ದೇಶದ ತಂಡಕ್ಕೆ ಆಡಿದವರನ್ನು ಟೆನಿಸ್ ಲೋಕ ದೊಡ್ಡ ಆಟಗಾರರು ಅಂತ ನಿಜಕ್ಕೂ ಒಪ್ಪುತ್ತದಾ? ಅವಳನ್ನು ಈಗಲೇ ಡಬಲ್ಸ್‌ಗೆ ಬಿಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಡಬಲ್ಸ್ ಆಡಿದವರ ಹೆಸರು ಉಳಿಯುತ್ತದಾ ಅನ್ನುವುದು ಒಂದು. ನಿಮ್ಮ ಮಗಳು ಈಗಲೇ ಸಿಂಗಲ್ಸ್ ಬಿಡಬೇಕಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು, ಖಂಡಿತ ಉಳಿಯುತ್ತದೆ. ಎರಡನೆಯದಕ್ಕೆ ಬೇಡ, ಈಗಲೇ ಬೇಡ. ಹಾಗೆ ಹೆಸರು ಉಳಿಸಿಕೊಂಡವರು ಯಾವ ದಾರಿಯಲ್ಲಿ ಬಂದರು ಅಂತ ನೋಡಿದರೆ ಈ ಎರಡು ಉತ್ತರಗಳ ನಡುವೆ ಜಗಳ ಇಲ್ಲ ಅನ್ನುವುದು ಗೊತ್ತಾಗುತ್ತದೆ.

ಕೋಚ್ ಹೇಳಿದ ಮಾತಿನಿಂದ ಶುರು ಮಾಡೋಣ. ಆ ಮಾತನ್ನು ನಾನು ಕೋರ್ಟ್ ಪಕ್ಕದಲ್ಲಿ ನಿಂತು ಬಹಳ ಸಲ ಕೇಳಿದ್ದೇನೆ. ಅದರಲ್ಲಿ ಸ್ವಲ್ಪ ನಿಜ ಇದೆ. ಬೋಪಣ್ಣ ಸಿಂಗಲ್ಸ್‌ನಲ್ಲಿ ಏರಿದ ಅತಿ ಎತ್ತರದ ರ‍್ಯಾಂಕಿಂಗ್ 213, ಅದು 2007ರಲ್ಲಿ. ಮಹೇಶ್ ಭೂಪತಿಯವರದು 217. ಇವರಿಬ್ಬರೂ ಸಿಂಗಲ್ಸ್‌ನಲ್ಲಿ ಮೊದಲ ನೂರರೊಳಗೆ ಇದ್ದಿದ್ದರೆ ಡಬಲ್ಸ್ ಕಡೆ ಇಷ್ಟು ಬೇಗ ತಿರುಗುತ್ತಿರಲಿಲ್ಲ. ಇಂದಿನ ಹೆಚ್ಚಿನ ಡಬಲ್ಸ್ ಆಟಗಾರರ ಕಥೆಯೂ ಇದೇ. ಇಷ್ಟು ಮಟ್ಟಿಗೆ ಕೋಚ್ ಹೇಳಿದ್ದು ಸರಿ.

ಆದರೆ ‘ಆಡೋಕಾಗದವರು’ ಅನ್ನುವ ಮಾತು ತಪ್ಪು. ವಿಶ್ವದಲ್ಲಿ 213ನೇ ಸ್ಥಾನ ಅಂದರೆ ಏನು ಅಂತ ಸುಮ್ನೆ ಒಂದು ಸಲ ಯೋಚಿಸಿ. ಡಬಲ್ಸ್‌ಗೆ ಬೇಕಾದ ಕೈಚಳಕವೂ ಬೇರೆ. 2025ರ ಯುಎಸ್ ಓಪನ್‌ನಲ್ಲಿ ಮಿಶ್ರ ಡಬಲ್ಸನ್ನು ಮುಖ್ಯ ಡ್ರಾ ಶುರುವಾಗುವ ಮೊದಲೇ ಆಡಿಸಿದರು. 16 ಜೋಡಿಗಳು. ಬಹುಪಾಲು ಸಿಂಗಲ್ಸ್‌ನ ದೊಡ್ಡ ಹೆಸರುಗಳು. ಗೆದ್ದವರು ಯಾರು? ಇಟಲಿಯ ಸಾರಾ ಎರಾನಿ ಮತ್ತು ಆಂಡ್ರಿಯಾ ವಾವಸ್ಸೋರಿ, ಡಬಲ್ಸನ್ನೇ ಕಸುಬಾಗಿ ಆಡುವ ಜೋಡಿ. ಫೈನಲ್‌ನಲ್ಲಿ ಇಗಾ ಶ್ವಿಯಾಂಟೆಕ್ ಮತ್ತು ಕ್ಯಾಸ್ಪರ್ ರೂಡ್ ಅವರನ್ನು ಸೋಲಿಸಿದರು. ಎರಾನಿಯ ಸರ್ವ್ ನಮ್ಮ ಕಾಲೇಜು ಹುಡುಗಿಯರ ಸರ್ವ್‌ಗಿಂತ ವೇಗವಾಗೇನೂ ಬರುವುದಿಲ್ಲ. ಆದರೆ ಚೆಂಡು ಎಲ್ಲಿ ಬೀಳಬೇಕು, ತಾನು ಎಲ್ಲಿ ನಿಲ್ಲಬೇಕು ಅನ್ನುವುದು ಎದುರಾಳಿ ರಾಕೆಟ್ ಎತ್ತುವ ಮೊದಲೇ ಆಕೆಗೆ ಗೊತ್ತಿರುತ್ತದೆ.

ಹಾಗಾದರೆ ಡಬಲ್ಸ್ ಎರಡನೇ ದರ್ಜೆ ಅನ್ನುವ ಭಾವನೆ ಬಂದದ್ದು ಎಲ್ಲಿಂದ? ಮೊದಲು ಹೀಗಿರಲಿಲ್ಲ. ಜಾನ್ ನ್ಯೂಕೊಂಬ್ ಸಿಂಗಲ್ಸ್‌ನಲ್ಲಿ 7 ಗ್ರ್ಯಾನ್‌ಸ್ಲಾಮ್ (ವರ್ಷದ ನಾಲ್ಕು ಅತಿ ದೊಡ್ಡ ಕೂಟಗಳು) ಗೆದ್ದರು, ಪುರುಷರ ಡಬಲ್ಸ್‌ನಲ್ಲಿ 17. ಬಿಲ್ಲಿ ಜೀನ್ ಕಿಂಗ್ ಅವರ 20 ವಿಂಬಲ್ಡನ್ ಪ್ರಶಸ್ತಿಗಳಲ್ಲಿ ಸಿಂಗಲ್ಸ್ 6 ಮಾತ್ರ. ಮಾರ್ಟಿನಾ ನವ್ರಾಟಿಲೋವಾ ಸಿಂಗಲ್ಸ್‌ನಲ್ಲಿ 18, ಮಹಿಳಾ ಡಬಲ್ಸ್‌ನಲ್ಲಿ 31, ಮಿಶ್ರ ಡಬಲ್ಸ್‌ನಲ್ಲಿ 10, ಒಟ್ಟು 59 ಗೆದ್ದಿದ್ದಾರೆ. ಜಾನ್ ಮೆಕೆನ್ರೋಗೆ ಡಬಲ್ಸೇ ಅಭ್ಯಾಸ ಅನ್ನುತ್ತಿದ್ದರು. 1992ರಲ್ಲಿ, ಸಿಂಗಲ್ಸ್‌ನ ಒಳ್ಳೆಯ ದಿನಗಳೆಲ್ಲ ಮುಗಿದ ಮೇಲೆ, ಮೈಕೆಲ್ ಸ್ಟಿಕ್ ಜೊತೆ ವಿಂಬಲ್ಡನ್ ಡಬಲ್ಸ್ ಗೆದ್ದರು. ಐದನೇ ಸೆಟ್ 19-17. ಆ ಕಾಲದಲ್ಲಿ ದೊಡ್ಡ ಆಟಗಾರ ಅಂದರೆ ಎರಡನ್ನೂ ಆಡುವವನು.

ಆಮೇಲೆ ಸಿಂಗಲ್ಸ್‌ನಲ್ಲಿ ದುಡ್ಡು ಬೆಳೆಯಿತು, ಆಟದ ಪೆಟ್ಟು ಮೈಮೇಲೆ ಜಾಸ್ತಿ ಬೀಳತೊಡಗಿತು. ಐದು ಸೆಟ್ ಆಡಿ ಮರುದಿನ ಡಬಲ್ಸ್‌ಗೆ ಇಳಿಯುವುದು ಯಾರಿಗೂ ಬೇಡವಾಯಿತು. ನಕ್ಷತ್ರಗಳು ಬಿಟ್ಟುಹೋದ ಮೇಲೆ ಟಿವಿಯವರೂ ಹಿಂದೆ ಸರಿದರು. ಟಿವಿಯಲ್ಲಿ ಬಾರದ್ದು ಜನರ ನೆನಪಿಗೂ ಬರುವುದಿಲ್ಲ. ಅಂದರೆ ಆಟ ಕೆಳಗಿಳಿಯಲಿಲ್ಲ, ನೋಡುವ ಕಣ್ಣು ಕಡಿಮೆಯಾದವು. ‘ಹೆಸರು ಉಳಿಯಲ್ಲ’ ಅನ್ನುವ ಮಾತಿನ ಬೇರು ಇಲ್ಲಿದೆ.

ದುಡ್ಡಿನ ವಿಷಯದಲ್ಲಿ ಮಾತ್ರ ಕೋಚ್ ಹೇಳಿದ್ದು ಪೂರ್ತಿ ನಿಜ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಚಾಂಪಿಯನ್‌ಗೆ ಸಿಕ್ಕಿದ್ದು 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಅದೇ ಕೂಟದಲ್ಲಿ ಡಬಲ್ಸ್ ಗೆದ್ದ ಬೋಪಣ್ಣ ಮತ್ತು ಮ್ಯಾಥ್ಯೂ ಎಬ್ಡೆನ್ ಅವರಿಗೆ 7.3 ಲಕ್ಷ, ಅದೂ ಇಬ್ಬರಿಗೂ ಸೇರಿ. ಗ್ರ್ಯಾನ್‌ಸ್ಲಾಮ್ ಮಟ್ಟದಲ್ಲೇ ಹೀಗಾದರೆ ಕೆಳಗಿನ ಕೂಟಗಳಲ್ಲಿ ಗೆದ್ದ ಹಣ ಆ ವಾರದ ಹೋಟೆಲ್ ಖರ್ಚಿಗೂ ಸಾಲುವುದಿಲ್ಲ. ಇದನ್ನು ಮಗಳಿಗೆ ಮುಚ್ಚಿಡಬೇಡಿ.

ಇನ್ನು ಹೆಸರಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಿಂಗಲ್ಸ್ ಆಟಗಾರರನ್ನು ಜನ ಲೆಕ್ಕದಲ್ಲಿ ನೆನಪಿಡುತ್ತಾರೆ: ಎಷ್ಟು ಗ್ರ್ಯಾನ್‌ಸ್ಲಾಮ್, ಎಷ್ಟು ವಾರ ನಂಬರ್ ಒನ್. ಡಬಲ್ಸ್ ಮತ್ತು ತಂಡದ ಆಟಗಾರರನ್ನು ನೆನಪಿಡುವ ರೀತಿ ಬೇರೆ. ಮೇಲೆ ಭಾರ ಬಿದ್ದ ಹೊತ್ತಿನಲ್ಲಿ ಯಾರು ನಿಂತರು ಅನ್ನುವುದನ್ನು ಜನ ನೆನಪಿಡುತ್ತಾರೆ. ಹಾಗಾಗಿ ಲೆಕ್ಕದಲ್ಲಿ ಚಿಕ್ಕದಾಗಿ ಕಾಣುವ ಒಂದು ಗೆಲುವು ಹೆಸರಿನಲ್ಲಿ ದೊಡ್ಡದಾಗಿ ಕೂರುತ್ತದೆ.

ದೇಶಗಳ ಪುರುಷರ ತಂಡಗಳು ಆಡುವ ಡೇವಿಸ್ ಕಪ್‌ನ 1966ರ ಫೈನಲ್ ನೋಡಿ. ಆಗ ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಭಾರತವನ್ನು 4-1ರಿಂದ ಸೋಲಿಸಿತು. ನಾವು ಗೆದ್ದ ಆ ಒಂದು ಪಂದ್ಯ ಡಬಲ್ಸ್. ರಾಮನಾಥನ್ ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿಯಾ ಸೋಲಿಸಿದ್ದು ನ್ಯೂಕೊಂಬ್ ಮತ್ತು ಟೋನಿ ರೋಚ್ ಅವರನ್ನು. ಹಿಂದಿನ ವರ್ಷವಷ್ಟೇ ವಿಂಬಲ್ಡನ್ ಗೆದ್ದಿದ್ದ ಜೋಡಿ ಅದು. ಸೋತ ಫೈನಲ್‌ನ ಆ ಒಂದು ಗೆಲುವನ್ನು ಹಳೆಯ ಟೆನಿಸ್ ಪ್ರೇಮಿಗಳು ಇವತ್ತಿಗೂ ಮರೆತಿಲ್ಲ.

ಬೋಪಣ್ಣ ವಿಷಯಕ್ಕೆ ಬಂದರೆ, ಜನ ಮೊದಲು ಹೇಳುವುದು 2024ರ ಜನವರಿ. 43ನೇ ವಯಸ್ಸಿನಲ್ಲಿ ಮೆಲ್ಬರ್ನ್‌ನಲ್ಲಿ ಪುರುಷರ ಡಬಲ್ಸ್ ಗೆಲುವು, ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದ ಅತಿ ಹಿರಿಯ ಆಟಗಾರ ಅನ್ನುವ ದಾಖಲೆ, ಪದ್ಮಶ್ರೀ. ಅದೆಲ್ಲ ದೊಡ್ಡದೇ. 2017ರಲ್ಲಿ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದದ್ದೂ ದೊಡ್ಡದು. ಆದರೆ ನನ್ನನ್ನು ಕೇಳಿದರೆ ಈ ಕೊಡಗಿನ ಆಟಗಾರನ ಹೆಸರು ಗಟ್ಟಿಯಾದದ್ದು 2010ರ ಸೆಪ್ಟೆಂಬರ್‌ನಲ್ಲಿ, ಚೆನ್ನೈನಲ್ಲಿ. ಬ್ರೆಜಿಲ್ ವಿರುದ್ಧ ಡೇವಿಸ್ ಕಪ್. ಮೊದಲ ದಿನ ಎರಡೂ ಸಿಂಗಲ್ಸ್ ಸೋತು 0-2. ಶನಿವಾರ ಲಿಯಾಂಡರ್ ಪೇಸ್ ಮತ್ತು ಭೂಪತಿ ಡಬಲ್ಸ್ ಗೆದ್ದು ಉಸಿರು ಉಳಿಸಿದರು. ಭಾನುವಾರ ನಮ್ಮ ಸೋಮದೇವ್ ದೇವವರ್ಮನ್ ಎದುರು ಬ್ರೆಜಿಲ್‌ನ ತೊಮಾಜ್ ಬೆಲ್ಲುಚಿ ಪಂದ್ಯದ ಮಧ್ಯೆ ಬಿಟ್ಟುಕೊಟ್ಟರು. 2-2. ಐದನೇ ಪಂದ್ಯಕ್ಕೆ ಇಳಿದದ್ದು ಬೋಪಣ್ಣ, ಸಿಂಗಲ್ಸ್‌ನಲ್ಲಿ. ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಭಾರತ ವಿಶ್ವ ಗುಂಪಿನಲ್ಲಿ, ಅಂದರೆ ಡೇವಿಸ್ ಕಪ್‌ನ ಮೇಲಿನ ದರ್ಜೆಯಲ್ಲಿ, ಉಳಿಯಿತು.

ಗಮನಿಸಿ. ಡಬಲ್ಸ್ ಆಟಗಾರ ಅಂತ ನಾವು ಕರೆಯುವವರು ಅವತ್ತು ದೇಶವನ್ನು ಉಳಿಸಿದ್ದು ಸಿಂಗಲ್ಸ್ ಆಡಿ.

ಲಿಯಾಂಡರ್ ಪೇಸ್ ಅವರದೂ ಇದೇ ಬಗೆ. ಪುರುಷರ ಡಬಲ್ಸ್‌ನಲ್ಲಿ 8, ಮಿಶ್ರ ಡಬಲ್ಸ್‌ನಲ್ಲಿ 10, ಒಟ್ಟು 18 ಗ್ರ್ಯಾನ್‌ಸ್ಲಾಮ್. ಆದರೆ ಅವರ ಬಗ್ಗೆ ಮಾತಾಡುವಾಗ ನಮ್ಮ ಜನ ಹೇಳುವುದು 1996ರ ಅಟ್ಲಾಂಟಾ ಕಂಚು, ಅದು ಸಿಂಗಲ್ಸ್. ಇಲ್ಲವೇ 1995ರಲ್ಲಿ ದೆಹಲಿಯ ಹುಲ್ಲಿನ ಅಂಗಳದಲ್ಲಿ ಎರಡು ಸೆಟ್ ಹಿಂದಿದ್ದು ಗೊರಾನ್ ಇವಾನಿಸೆವಿಚ್ ಅವರನ್ನು ಸೋಲಿಸಿದ ದಿನ. ಡೇವಿಸ್ ಕಪ್‌ನಲ್ಲಿ ಅವರು ಗೆದ್ದ ಡಬಲ್ಸ್ ಪಂದ್ಯಗಳು 45. 2018ರಲ್ಲಿ ಚೀನಾ ವಿರುದ್ಧ ಬೋಪಣ್ಣ ಜೊತೆ ಆಡಿ, ಇಟಲಿಯ ನಿಕೊಲಾ ಪಿಯೆತ್ರಾಂಜೆಲಿ ಅವರ 42ರ ದಾಖಲೆ ದಾಟಿದರು. 2024ರಲ್ಲಿ ನ್ಯೂಪೋರ್ಟ್‌ನ ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್ ಅವರನ್ನು ಆಟಗಾರರ ವಿಭಾಗದಲ್ಲೇ ಸೇರಿಸಿಕೊಂಡಿತು. ಅಮೆರಿಕದ ಡಬಲ್ಸ್ ಜೋಡಿ ಬ್ರಯಾನ್ ಸಹೋದರರಿಗೂ ಆ ಗೌರವ 2025ರಲ್ಲಿ ಸಿಕ್ಕಿತು. ಹಾಗಾಗಿ ‘ಟೆನಿಸ್ ಲೋಕ ಒಪ್ಪುತ್ತದಾ’ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಬರಹದಲ್ಲೇ ಇದೆ.

ಸಿಂಗಲ್ಸ್‌ನಲ್ಲಿ ಎಲ್ಲವನ್ನೂ ಗೆದ್ದವರಿಗೂ ತಂಡದ ಗೆಲುವು ಏನೋ ಒಂದನ್ನು ಸೇರಿಸುತ್ತದೆ. 2014ರ ಡೇವಿಸ್ ಕಪ್ ಫೈನಲ್‌ನ ಮೊದಲ ದಿನ ಫೆಡರರ್ ಫ್ರಾನ್ಸ್‌ನ ಗೇಲ್ ಮಾನ್ಫಿಸ್‌ಗೆ ಸೋತಿದ್ದರು. ಮರುದಿನ ವಾವ್ರಿಂಕಾ ಜೊತೆ ಡಬಲ್ಸ್ ಗೆದ್ದ ಮೇಲೆಯೇ ಆಟ ಸ್ವಿಟ್ಜರ್ಲೆಂಡ್ ಕಡೆ ತಿರುಗಿತು. ಆದರೂ ಫೆಡರರ್ ಖಾತೆಯಲ್ಲಿ ಅದೊಂದು ಸಣ್ಣ ಸಾಲು. ಆಂಡಿ ಮರ್ರೆ ವಿಷಯದಲ್ಲಿ ಹಾಗಲ್ಲ. 2015ರಲ್ಲಿ ಅವರು ಸಿಂಗಲ್ಸ್‌ನಲ್ಲಿ 8, ಅಣ್ಣ ಜೇಮಿ ಜೊತೆ ಡಬಲ್ಸ್‌ನಲ್ಲಿ 3 ಪಂದ್ಯ ಗೆದ್ದು, 1936ರ ನಂತರ ಮೊದಲ ಬಾರಿ ಬ್ರಿಟನ್‌ಗೆ ಕಪ್ ತಂದರು. ಮರ್ರೆಯ ಹೆಸರಿನಿಂದ ಆ ವರ್ಷವನ್ನು ಬೇರೆ ಮಾಡಿ ನೋಡಲು ಆಗುವುದೇ ಇಲ್ಲ.

ನಿಮ್ಮ ಮಗಳು ನೋಡಬೇಕಾದ ಉದಾಹರಣೆ ಮಾತ್ರ ಸಾನಿಯಾ ಮಿರ್ಜಾ. 2007ರಲ್ಲಿ ಸಿಂಗಲ್ಸ್‌ನಲ್ಲಿ ವಿಶ್ವದ 27ನೇ ಸ್ಥಾನ. ಮಣಿಕಟ್ಟಿನ ತೊಂದರೆ ಬಿಡದೆ ಕಾಡಿದ ಮೇಲೆ ಪೂರ್ತಿ ಡಬಲ್ಸ್‌ಗೆ ಬಂದರು. 2015ರಲ್ಲಿ ಡಬಲ್ಸ್ ನಂಬರ್ ಒನ್, ಮಾರ್ಟಿನಾ ಹಿಂಗಿಸ್ ಜೊತೆ ವಿಂಬಲ್ಡನ್, ಒಟ್ಟು 6 ಗ್ರ್ಯಾನ್‌ಸ್ಲಾಮ್. ತಾಯಿಯಾದ ಮೇಲೆ ಮರಳಿ ಬಂದು, 2020ರ ಮಾರ್ಚ್‌ನಲ್ಲಿ ದುಬೈನಲ್ಲಿ ಅಂಕಿತಾ ರೈನಾ ಜೊತೆ ಇಂಡೋನೇಷ್ಯಾ ವಿರುದ್ಧದ ನಿರ್ಣಾಯಕ ಡಬಲ್ಸ್ ಗೆದ್ದರು. ಭಾರತದ ಮಹಿಳಾ ತಂಡ ಫೆಡ್ ಕಪ್ (ದೇಶಗಳ ಮಹಿಳಾ ತಂಡಗಳ ಕೂಟ) ಪ್ಲೇಆಫ್‌ಗೆ ಹೋದದ್ದು ಅದೇ ಮೊದಲು. ಆಕೆಯ ಫೋರ್‌ಹ್ಯಾಂಡ್ ರಿಟರ್ನ್ ಎದುರು ನೆಟ್ ಹತ್ತಿರ ನಿಂತವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆ ಹೊಡೆತ ತಯಾರಾದದ್ದು ಸಿಂಗಲ್ಸ್ ಆಡಿ ಆಡಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಈ ಮೇಲಿನ ಯಾರೂ 16ನೇ ವಯಸ್ಸಿಗೆ ಸಿಂಗಲ್ಸ್ ಬಿಟ್ಟವರಲ್ಲ. ಸಿಂಗಲ್ಸ್‌ನಲ್ಲಿ ಹೋಗುವಷ್ಟು ದೂರ ಹೋಗಿ, ಅಲ್ಲಿ ಕಟ್ಟಿಕೊಂಡ ಸರ್ವ್, ರಿಟರ್ನ್, ಕಾಲುಗಳನ್ನು ಹೊತ್ತುಕೊಂಡು ಡಬಲ್ಸ್‌ಗೆ ಬಂದವರು.

ಜೂನಿಯರ್ ಡಬಲ್ಸ್ ಫಲಿತಾಂಶ ಕಣ್ಣಿಗೆ ಮೋಸ ಮಾಡುತ್ತದೆ. ಆ ವಯಸ್ಸಿನಲ್ಲಿ ಎದುರಾಳಿಗಳಿಗೆ ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು) ಸರಿಯಾಗಿ ಬಂದಿರುವುದಿಲ್ಲ. ನೆಟ್‌ಗೆ ಬಂದವರ ತಲೆಯ ಮೇಲೆ ಚೆಂಡು ಎತ್ತಿಹಾಕಿ, ಬೇಸ್‌ಲೈನ್‌ನಲ್ಲಿ ಕಾಯುತ್ತ ನಿಂತರೂ ಫೈನಲ್ ತನಕ ಹೋಗಬಹುದು. ಮುಂದಿನ ಸಲ ನೀವು ಅವಳ ಪಂದ್ಯ ನೋಡುವಾಗ ಸ್ಕೋರ್ ಬಿಟ್ಟುಬಿಡಿ. 30-30 ಆದಾಗ ಅವಳು ರಿಟರ್ನ್ ಎಲ್ಲಿಗೆ ಹೊಡೆಯುತ್ತಾಳೆ ನೋಡಿ. ಸರ್ವ್ ಮಾಡಿ ಓಡಿಬರುವ ಹುಡುಗಿಯ ಪಾದದ ಹತ್ತಿರ, ಅಡ್ಡಡ್ಡ, ತಗ್ಗಿನಲ್ಲಿ ಬೀಳುತ್ತಿದೆಯಾ? ಜೊತೆಗಾತಿ ಸರ್ವ್ ಮಾಡುವಾಗ ಇವಳು ನೆಟ್ ಬಳಿ ಕಂಬದಂತೆ ನಿಂತಿರುತ್ತಾಳಾ, ಅಥವಾ ಎದುರಿನವಳ ಕಣ್ಣು ಚೆಂಡಿಗೆ ಇಳಿದ ಕ್ಷಣಕ್ಕೆ ಸರಿಯಾಗಿ ಅಡ್ಡ ನುಗ್ಗುತ್ತಾಳಾ? ಸೊಂಟಕ್ಕಿಂತ ಕೆಳಗೆ ಬಂದ ಮೊದಲ ವಾಲಿಯನ್ನು ಆಳಕ್ಕೆ ಕಳಿಸುತ್ತಾಳಾ? ಈ ಮೂರು ಇದ್ದರೆ ಅವಳ ಡಬಲ್ಸ್ ನಿಜವಾದ ಡಬಲ್ಸ್. ಇಲ್ಲದಿದ್ದರೆ 18 ದಾಟಿದ ಮೇಲೆ ಈ ಗೆಲುವುಗಳು ನಿಲ್ಲುತ್ತವೆ.

ಇನ್ನೊಂದು ಮುಖ್ಯ ಮಾತು. ತಂಡದಲ್ಲಿ ಆಡಿದಾಗ ಅವಳ ಆಟವೇ ಬೇರೆ ಅಂದಿರಿ. ಪಕ್ಕದಲ್ಲಿ ಜೊತೆಗಾತಿ, ಬೆಂಚಿನಲ್ಲಿ ಕ್ಯಾಪ್ಟನ್. ಸೋಲಿನ ಭಯ ಹಂಚಿಹೋಗುತ್ತದೆ. ಇದು ಒಳ್ಳೆಯ ಗುಣ, ಮುಂದೆ ದೇಶದ ತಂಡಕ್ಕೆ ಬೇಕಾದ ಗುಣ. ಆದರೆ ಸಿಂಗಲ್ಸ್‌ನಲ್ಲಿ ಒಬ್ಬಳೇ ನಿಂತಾಗ ಕೈ ಬಿಗಿಯಾಗುತ್ತಿದೆ ಅನ್ನುವ ಸುಳಿವೂ ಇರಬಹುದು. ಅದು ಹೌದಾದರೆ ಡಬಲ್ಸ್‌ಗೆ ಓಡಿಹೋದರೂ ಆ ಬಿಗಿತ ಬಿಡುವುದಿಲ್ಲ. ಎಟಿಪಿ (ಪುರುಷರ), ಡಬ್ಲ್ಯುಟಿಎ (ಮಹಿಳೆಯರ) ವೃತ್ತಿಪರ ಕೂಟಗಳ ಡಬಲ್ಸ್‌ನಲ್ಲಿ 40-40 ಆದರೆ ಒಂದೇ ಪಾಯಿಂಟ್, ಅಡ್ವಾಂಟೇಜ್ ಇಲ್ಲ. ಸೆಟ್ 1-1 ಆದರೆ ಮೂರನೇ ಸೆಟ್ ಇಲ್ಲ, 10 ಪಾಯಿಂಟ್‌ಗಳ ಟೈಬ್ರೇಕ್. ಇಡೀ ಪಂದ್ಯ ನಾಲ್ಕೈದು ಪಾಯಿಂಟ್‌ಗಳಲ್ಲಿ ತೀರ್ಮಾನವಾಗುತ್ತದೆ. ಸಿಂಗಲ್ಸ್‌ನಲ್ಲಿ ಒಂದು ಕೆಟ್ಟ ಗೇಮ್ ಆಡಿದರೆ ಸರಿಪಡಿಸಿಕೊಳ್ಳಲು ಸಮಯ ಇರುತ್ತದೆ. ಇಲ್ಲಿ ಅದು ಕಡಿಮೆ.

ನಿಮ್ಮ ಮುಂದೆ ಈಗ ಮೂರು ದಾರಿಗಳಿವೆ. ಈಗಲೇ ಪೂರ್ತಿ ಡಬಲ್ಸ್ ಅನ್ನುವುದು ಮೊದಲನೆಯದು. ಇದರಲ್ಲಿ ಅಪಾಯ ಜಾಸ್ತಿ. ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಜೂನಿಯರ್ ರ‍್ಯಾಂಕಿಂಗ್‌ನಲ್ಲಿ ಆರು ಒಳ್ಳೆಯ ಸಿಂಗಲ್ಸ್ ಫಲಿತಾಂಶಗಳ ಅಂಕ ಪೂರ್ತಿ ಸೇರುತ್ತದೆ. ಆರು ಡಬಲ್ಸ್ ಫಲಿತಾಂಶಗಳ ಅಂಕದಲ್ಲಿ ಕಾಲು ಭಾಗ ಮಾತ್ರ. ಸಿಂಗಲ್ಸ್ ಬಿಟ್ಟರೆ ಒಳ್ಳೆಯ ಕೂಟಗಳ ಬಾಗಿಲೇ ಮುಚ್ಚುತ್ತದೆ. ಜೊತೆಗೆ ಜೋಡಿಯ ಗೋಳು ಬೇರೆ. ಜೊತೆಗಾತಿಗೆ ಜ್ವರ ಬಂದರೆ ನಿಮ್ಮ ವಾರವೂ ಹೋಯಿತು. ಅವಳು ಓದಿಗೆ ಅಂತ ಆಟ ಬಿಟ್ಟರೆ ನೀವು ಮೊದಲಿಂದ ಶುರು ಮಾಡಬೇಕು. ಮನಸ್ತಾಪ ಬಂದರೆ ಇನ್ನೂ ಕಷ್ಟ. ಪೇಸ್ ಮತ್ತು ಭೂಪತಿ 1999ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್ ಫೈನಲ್ ಆಡಿ ಎರಡನ್ನು ಗೆದ್ದ ಜೋಡಿ. ಡೇವಿಸ್ ಕಪ್ ಡಬಲ್ಸ್‌ನಲ್ಲಿ ಸತತ 24 ಗೆಲುವು ಅವರದು. ಅಂಥವರ ನಡುವೆಯೂ ಬಿರುಕು ಬಿಟ್ಟಿತು. 2012ರ ಲಂಡನ್ ಒಲಿಂಪಿಕ್ಸ್‌ಗೆ ಜೋಡಿ ಆರಿಸುವಾಗ ದೊಡ್ಡ ಜಗಳವಾಗಿ, ಕೊನೆಗೆ ಭಾರತ ಎರಡು ಜೋಡಿ ಕಳಿಸಬೇಕಾಯಿತು. ಪದಕ ಯಾರಿಗೂ ಬರಲಿಲ್ಲ. ಅವರಿಬ್ಬರ ಸಾಧನೆ ಹೇಳುವಾಗ ಈ ಜಗಳವನ್ನೂ ಜನ ಹೇಳುತ್ತಾರೆ, ಅದು ನನಗೆ ಇವತ್ತಿಗೂ ನೋವಿನ ಸಂಗತಿ.

ಎರಡನೇ ದಾರಿ ಅಮೆರಿಕದ ಕಾಲೇಜು ಟೆನಿಸ್. ಅಲ್ಲಿ ಎರಡು ಕಾಲೇಜುಗಳು ಆಡುವಾಗ ಮೊದಲು ಮೂರು ಡಬಲ್ಸ್. ಅದರಲ್ಲಿ ಎರಡು ಗೆದ್ದ ತಂಡಕ್ಕೆ ಒಂದು ಅಂಕ. ನಂತರ ಆರು ಸಿಂಗಲ್ಸ್, ಪ್ರತಿಯೊಂದಕ್ಕೂ ಒಂದು ಅಂಕ. ತಂಡದಲ್ಲಿ ಅರಳುವ ನಿಮ್ಮ ಮಗಳಂಥವರಿಗೆ ಹೇಳಿ ಮಾಡಿಸಿದ ಜಾಗ. ಭೂಪತಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿದ್ದಾಗ 1995ರಲ್ಲಿ ಕಾಲೇಜು ಡಬಲ್ಸ್ ಚಾಂಪಿಯನ್ ಆದರು. ಎರಡೇ ವರ್ಷಕ್ಕೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾನ್‌ಸ್ಲಾಮ್ ಗೆದ್ದ ಮೊದಲ ಭಾರತೀಯ ಆದರು. ಆದರೆ ಏಳರಲ್ಲಿ ಆರು ಅಂಕ ಸಿಂಗಲ್ಸ್‌ನದೇ ಅಲ್ವಾ? ಸಿಂಗಲ್ಸ್ ಆಡದ ಹುಡುಗಿಗೆ ಸ್ಕಾಲರ್‌ಶಿಪ್ ಕೊಡಲು ಅಲ್ಲಿನ ಕೋಚ್‌ಗಳು ಹಿಂದೆಮುಂದೆ ನೋಡುತ್ತಾರೆ. ಸ್ಕಾಲರ್‌ಶಿಪ್ ಪೂರ್ತಿ ಸಿಗದಿದ್ದರೆ ಖರ್ಚು ಮನೆಯವರ ಮೇಲೆ ಬೀಳುತ್ತದೆ.

ಮೂರನೆಯದು, ನಾನು ಹೇಳುವ ದಾರಿ. 20ರ ಹತ್ತಿರ ಬರುವ ತನಕ ಎರಡನ್ನೂ ಆಡಲಿ. ಆದರೆ ಡಬಲ್ಸನ್ನು ಉಳಿದ ಸಮಯದಲ್ಲಿ ಆಡುವ ಆಟ ಮಾಡಬೇಡಿ. ವಾರದಲ್ಲಿ ಎರಡು ಪೂರ್ತಿ ಅಭ್ಯಾಸ ಡಬಲ್ಸ್‌ಗೇ ಇರಲಿ. ಒಬ್ಬಳೇ ಜೊತೆಗಾತಿ ಜೊತೆ ಒಂದು ಋತು ಪೂರ್ತಿ ಆಡಲಿ. ಇದರಲ್ಲಿ ಅಪಾಯ ಏನಂದರೆ ಮೈ ದಣಿಯುತ್ತದೆ, ಓದಿಗೆ ಹೊಡೆತ ಬೀಳುತ್ತದೆ, ಸಿಂಗಲ್ಸ್ ಸೋಲುಗಳು ಮನಸ್ಸನ್ನು ಕುಗ್ಗಿಸುತ್ತವೆ. ಆದ್ದರಿಂದ ಕೂಟಗಳ ಸಂಖ್ಯೆ ಕಡಿಮೆ ಮಾಡಿ, ಅಭ್ಯಾಸದ ವಾರಗಳನ್ನು ಹೆಚ್ಚು ಮಾಡಿ. ಅಷ್ಟು ವರ್ಷ ಆಡಿದ ಮೇಲೂ ಅವಳ ಮನಸ್ಸು ಡಬಲ್ಸ್ ಕಡೆಯೇ ಇದ್ದರೆ ಅಡ್ಡ ಹೋಗಬೇಡಿ. ಯೂಕಿ ಭಾಂಬ್ರಿ ಜೂನಿಯರ್ ವಿಶ್ವ ನಂಬರ್ ಒನ್ ಆಗಿದ್ದವರು, ಸಿಂಗಲ್ಸ್‌ನಲ್ಲಿ 83ನೇ ಸ್ಥಾನ ತನಕ ಹೋದವರು. ಗಾಯಗಳಿಂದ ನಲುಗಿ ಡಬಲ್ಸ್‌ಗೆ ಬಂದರು. 2025ರ ಯುಎಸ್ ಓಪನ್‌ನಲ್ಲಿ ಮೈಕೆಲ್ ವೀನಸ್ ಜೊತೆ ಸೆಮಿಫೈನಲ್ ಆಡಿದಾಗ ಅವರಿಗೆ 33 ವರ್ಷ. ತಡವಾಯಿತು ಅನ್ನುವ ಭಯ ಡಬಲ್ಸ್‌ನಲ್ಲಿ ಬೇಡವೇ ಬೇಡ.

ಕೋಚ್ ಜೊತೆ ಜಗಳಕ್ಕೆ ಹೋಗಬೇಡಿ. ಡಬಲ್ಸ್ ದೊಡ್ಡದಾ ಚಿಕ್ಕದಾ ಅಂತ ವಾದ ಮಾಡಿ ಪ್ರಯೋಜನ ಇಲ್ಲ. ಅವರನ್ನು ಒಂದೇ ಪ್ರಶ್ನೆ ಕೇಳಿ: ಸಿಂಗಲ್ಸ್‌ನ ಮೂರನೇ ಸುತ್ತಿನಲ್ಲಿ ಅವಳು ಸೋಲುವುದು ಯಾವ ಹೊಡೆತದಿಂದ? ಡಬಲ್ಸ್ ಚೆನ್ನಾಗಿ ಆಡಿ ಸಿಂಗಲ್ಸ್‌ನಲ್ಲಿ ನಿಲ್ಲುವ ಹುಡುಗಿಯರಲ್ಲಿ ನಾನು ಹೆಚ್ಚಾಗಿ ಕಂಡದ್ದು ಎರಡನೇ ಸರ್ವ್‌ನ ದೋಷ. ಡಬಲ್ಸ್‌ನಲ್ಲಿ ನೆಟ್ ಬಳಿ ನಿಂತ ಜೊತೆಗಾತಿಯಿಂದ ಅದು ಮುಚ್ಚಿಹೋಗುತ್ತದೆ. ಸಿಂಗಲ್ಸ್‌ನಲ್ಲಿ ಎದುರಾಳಿ ಒಂದು ಹೆಜ್ಜೆ ಮುಂದೆ ಬಂದು ಹೊಡೆದುಬಿಡುತ್ತಾಳೆ. ಅವಳ ಕಳೆದ ಕೆಲವು ಪಂದ್ಯಗಳ ವಿಡಿಯೋ ಇದ್ದರೆ ಎರಡನೇ ಸರ್ವ್ ಮಾಡಿದ ಪಾಯಿಂಟ್‌ಗಳಲ್ಲಿ ಎಷ್ಟು ಗೆದ್ದಳು ಅಂತ ನೀವೇ ಕೂತು ಎಣಿಸಿ. ಅರ್ಧಕ್ಕಿಂತ ತೀರಾ ಕಡಿಮೆ ಇದ್ದರೆ ಮುಂದಿನ ಆರು ತಿಂಗಳು ಏನು ಮಾಡಬೇಕು ಅನ್ನುವುದು ನಿಮಗೂ ಕೋಚ್‌ಗೂ ಒಟ್ಟಿಗೇ ಗೊತ್ತಾಗುತ್ತದೆ.